ಚೆಟ್ ಬೇಕರ್: ಮೆಲುದನಿಯ ತುತ್ತೂರಿಗಾರ



ಕಳೆದ ಆಗಸ್ಟ್ 15ರ ಪರೇಡಿನಲ್ಲಿ ನಮ್ಮ ಕಾಲೇಜಿನ ಬ್ಯಾಂಡ್ ತಂಡದಲ್ಲಿ ನಾನು ಇರಲಿಲ್ಲ. ಕೆಲವರು ಗಮನಿಸಿರಬಹುದು. ಅದಕ್ಕೆ ಎರಡು ವಾರ ಮೊದಲು ಮಳೆಯಲ್ಲಿ ಸೈಕಲ್ ಜಾರಿ ಬಿದ್ದು ನನ್ನ ಮೇಲಿನ ಮುಂಭಾಗದ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ತುಟಿ ಊದಿಕೊಂಡಿತ್ತು. ಊತ ಇಳಿದ ಮೇಲೆ ಬ್ಯೂಗಲ್ ಎತ್ತಿ ಊದಿದೆ. ಸ್ವರ ಬರಲಿಲ್ಲ, ಬರೀ ಗಾಳಿ ಬಂತು. ಎರಡು ವರ್ಷದಿಂದ ಕಷ್ಟಪಟ್ಟು ಕಲಿತದ್ದು ಅರ್ಧ ಹಲ್ಲಿನ ಜೊತೆ ಹೋಯಿತು ಎಂದು ಆ ದಿನ ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆ ಏನೂ ಇಲ್ಲ.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದವನು ಚೆಟ್ ಬೇಕರ್. ಅಮೆರಿಕದ ಜಾಝ್ ಸಂಗೀತಗಾರ. ಟ್ರಂಪೆಟ್ ನುಡಿಸುತ್ತಿದ್ದ, ಹಾಡುತ್ತಲೂ ಇದ್ದ. ಆತ ಸತ್ತು ಮೂವತ್ತು ವರ್ಷಗಳ ಮೇಲಾಯಿತು. ಅವನ ಹೆಸರನ್ನು ನನಗೆ ಮೊದಲು ಹೇಳಿದ್ದು ನನ್ನ ಖಾಲಾನ ಮಗ. ನಾನು ಅವನನ್ನು ಭಾಯಿ ಎಂದೇ ಕರೆಯುವುದು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಭಾಯಿ ನಮ್ಮ ಊರಿನ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದ. ಯಾವ ಸಿನಿಮಾ ಹಾಡನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ನುಡಿಸಿಬಿಡುತ್ತಿದ್ದ. ನನಗೆ ತುಟಿ ಹಿಡಿಯುವುದನ್ನು ಹೇಳಿಕೊಟ್ಟವನು ಅವನೇ. ಒಂದು ರಾತ್ರಿ ಅವರ ಮನೆಯ ತಾರಸಿಯ ಮೇಲೆ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ, ಇನ್ನೊಂದನ್ನು ತನ್ನ ಕಿವಿಗೆ ಇಟ್ಟುಕೊಂಡು 'ಚೆಟ್ ಬೇಕರ್ ಸಿಂಗ್ಸ್' ಎಂಬ ಆಲ್ಬಮ್ ಕೇಳಿಸಿದ. ಇಂಗ್ಲಿಷ್ ಪದಗಳು ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ ಯಾರೋ ಪಕ್ಕದಲ್ಲೇ ಕೂತು, ಮನೆಯವರಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಹಾಡಿದಂತೆ ಇತ್ತು. ಹಾಡು ನಿಂತ ಕಡೆ ಅದೇ ದನಿ ಟ್ರಂಪೆಟ್ಟಿನೊಳಗೆ ಹೊಕ್ಕು ಮುಂದುವರಿಯಿತು.

ಅದೇ ರಾತ್ರಿ ಭಾಯಿ ಇನ್ನೊಂದು ಮಾತೂ ಹೇಳಿದ. ಈ ಮನುಷ್ಯ ಹೀಗೆ ಹಾಡಲು ಕಾರಣ ನಶೆ, ಅದಿಲ್ಲದೆ ಇಂಥ ಸಂಗೀತ ಹುಟ್ಟುವುದಿಲ್ಲ ಎಂದ. ನಾನು ನಂಬಿದೆ. ಅವನು ಹೇಳಿದ್ದನ್ನೆಲ್ಲ ನಾನು ನಂಬುತ್ತಿದ್ದೆ. ಅವನು ಆಗಲೇ ಮಾತ್ರೆಗಳಿಂದ ಪುಡಿಗೆ ಹೋಗಿದ್ದ ಎಂಬುದು ನನಗೆ ಗೊತ್ತಿರಲಿಲ್ಲ.

ಹಲ್ಲು ಮುರಿದು ಮನೆಯಲ್ಲಿ ಕೂತಾಗ ಆ ಮಾತು ನಿಜವೋ ಸುಳ್ಳೋ ನೋಡೋಣ ಎನ್ನಿಸಿತು. ಸಿಕ್ಕಿದ್ದನ್ನೆಲ್ಲ ಓದಿದೆ, ಅವನ ಮೇಲೆ ಬಂದಿರುವ ಸಾಕ್ಷ್ಯಚಿತ್ರವನ್ನೂ ನೋಡಿದೆ. ಅವನ ಬದುಕನ್ನು ಇಸವಿಗಳ ಸಾಲಿನಲ್ಲಿಟ್ಟು ನೋಡಿದಾಗ ನನಗೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಚೆಟ್ ಬೇಕರ್‌ನ ಪೂರ್ಣ ಹೆಸರು ಚೆಸ್ನಿ ಹೆನ್ರಿ ಬೇಕರ್. ಹುಟ್ಟಿದ್ದು 1929ರ ಡಿಸೆಂಬರ್ 23ರಂದು, ಓಕ್ಲಹೋಮ ರಾಜ್ಯದ ಯೇಲ್ ಎಂಬ ಸಣ್ಣ ಊರಿನಲ್ಲಿ. ಆ ವರ್ಷವೇ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಶುರುವಾಗಿತ್ತು. ತಂದೆ ಗಿಟಾರ್ ನುಡಿಸುವವನು. ಸಂಗೀತದಿಂದ ಮನೆ ನಡೆಯದ ಕಾಲ ಬಂದಾಗ ಅದನ್ನು ಬಿಟ್ಟು ಬೇರೆ ಕೆಲಸಗಳಿಗೆ ಹೋಗಬೇಕಾಯಿತು. ತಾಯಿಯೂ ದುಡಿಯುತ್ತಿದ್ದಳು. 1940ರ ಸುಮಾರಿಗೆ ಕುಟುಂಬ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ಗೆ ವಲಸೆ ಬಂತು.

ಹುಡುಗ ರೇಡಿಯೋದಲ್ಲಿ ಬರುವ ಹಾಡುಗಳನ್ನು ಕೇಳಿ ಹಾಗೆಯೇ ಹಾಡುತ್ತಿದ್ದ. ತಾಯಿ ಅವನನ್ನು ಹಾಡಿನ ಸ್ಪರ್ಧೆಗಳಿಗೆ ಕರೆದುಕೊಂಡು ಹೋಗುತ್ತಿದ್ದಳು. ತಂದೆಗೆ ಟ್ರಾಂಬೋನ್ ವಾದಕ ಜ್ಯಾಕ್ ಟೀಗಾರ್ಡನ್ ಎಂದರೆ ಬಹಳ ಇಷ್ಟ. ಮಗನೂ ಅದನ್ನೇ ನುಡಿಸಲಿ ಎಂದು ಒಂದು ಟ್ರಾಂಬೋನ್ ತಂದುಕೊಟ್ಟ. ಅದು ಹುಡುಗನ ಕೈಗೆ ಉದ್ದವಾಯಿತು. ಕೆಲವು ದಿನಗಳ ನಂತರ ಅದರ ಜಾಗಕ್ಕೆ ಟ್ರಂಪೆಟ್ ಬಂತು. ನಮ್ಮ ಮನೆಗಳಲ್ಲಿ ಅಣ್ಣನ ಅಂಗಿ ತಮ್ಮನಿಗೆ ದೊಡ್ಡದಾದರೆ ಬೇರೆ ಹುಡುಕುವಂತೆ, ಇಷ್ಟು ಸಣ್ಣ ಕಾರಣದಿಂದ ಅವನ ಬದುಕಿನ ವಾದ್ಯ ನಿಶ್ಚಯವಾಯಿತು.

ಟ್ರಂಪೆಟ್ ಊದುವ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಗಾಳಿ ಊದಿದರೆ ಸಾಕು, ಸ್ವರ ಬರುತ್ತದೆ ಎಂದು ಬ್ಯಾಂಡಿನಲ್ಲಿ ಇಲ್ಲದವರು ತಿಳಿದಿರುತ್ತಾರೆ. ಹಾಗಲ್ಲ. ತುಟಿಗಳೇ ಅದರ ತಂತಿ. ಎರಡೂ ತುಟಿಗಳನ್ನು ಬಿಗಿಹಿಡಿದು ಊದಿದಾಗ ಅವು ಅದುರುತ್ತವೆ. ಆ ಅದುರು ಹಿತ್ತಾಳೆಯ ಕೊಳವೆಯಲ್ಲಿ ಬೆಳೆದು ಸ್ವರವಾಗಿ ಹೊರಬರುತ್ತದೆ. ಟ್ರಂಪೆಟ್ಟಿಗೆ ಗುಂಡಿಗಳು ಮೂರೇ, ನಮ್ಮ ಬ್ಯೂಗಲ್ಲಿಗೆ ಅವೂ ಇಲ್ಲ. ಗುಂಡಿಯನ್ನು ಅಲುಗಿಸದೆ ತುಟಿಯ ಬಿಗಿಯನ್ನು ಬದಲಿಸಿಯೇ ಹಲವು ಸ್ವರಗಳನ್ನು ಹಿಡಿಯಬೇಕು. ಆ ತುಟಿಗೆ ಹಿಂದಿನಿಂದ ಆಸರೆ ಕೊಡುವುದು ಮುಂದಿನ ಹಲ್ಲುಗಳು. ಹಲ್ಲಿನ ಸಾಲು ಬದಲಾದರೆ ಹಿಡಿತವೂ ಬದಲಾಗುತ್ತದೆ.

ಚೆಟ್ ಇನ್ನೂ ಹುಡುಗನಾಗಿದ್ದಾಗ ಆಟದಲ್ಲಿ ಬಡಿದ ಕಲ್ಲಿಗೆ ಅವನ ಮುಂದಿನ ಹಲ್ಲೊಂದು ಹೋಯಿತು. ಆ ಸಂದಿನೊಂದಿಗೇ ಆತ ಊದುವುದನ್ನು ಕಲಿತ. ಮುಂದೆ ಪ್ರಸಿದ್ಧನಾದ ಮೇಲಿನ ಅವನ ಚಿತ್ರಗಳಲ್ಲಿ ಬಾಯಿ ಹೆಚ್ಚಾಗಿ ಮುಚ್ಚಿಯೇ ಇರುತ್ತದೆ. ಸಿನಿಮಾ ನಟನಂಥ ಮುಖ, ಗಂಭೀರ ನೋಟ ಎಂದು ಜನ ಮೆಚ್ಚಿದರು. ಅದರ ಹಿಂದೆ ಒಂದು ಹಲ್ಲಿನ ಸಂಕೋಚವೂ ಇತ್ತು. ಇದನ್ನು ಓದಿದ ದಿನ ನಾನು ಕನ್ನಡಿಯ ಮುಂದೆ ನಿಂತು ಬಾಯಿ ಮುಚ್ಚಿ ನಕ್ಕು ನೋಡಿದೆ.

1946ರಲ್ಲಿ, 16 ವರ್ಷ ವಯಸ್ಸಿಗೆ, ಶಾಲೆ ಬಿಟ್ಟು ಸೈನ್ಯ ಸೇರಿದ. ಯುದ್ಧ ಮುಗಿದ ಬರ್ಲಿನ್ನಿಗೆ ಕಳುಹಿಸಿದರು. ಅಲ್ಲಿ ಸೈನ್ಯದ ಬ್ಯಾಂಡಿನಲ್ಲಿ ಜಾಗ ಸಿಕ್ಕಿತು. ಸೈನಿಕರಿಗಾಗಿಯೇ ತಯಾರಿಸುತ್ತಿದ್ದ ಗ್ರಾಮಫೋನ್ ತಟ್ಟೆಗಳಲ್ಲಿ ಡಿಜ್ಜಿ ಗಿಲೆಸ್ಪಿಯ ಟ್ರಂಪೆಟ್ ಕೇಳಿದ್ದು ಅಲ್ಲಿಯೇ. ಹಿಂದಿರುಗಿದ ಮೇಲೆ ಲಾಸ್ ಏಂಜಲೀಸ್ ಬಳಿಯ ಎಲ್ ಕಮಿನೊ ಕಾಲೇಜಿಗೆ ಸೇರಿ ಸಂಗೀತಶಾಸ್ತ್ರ ಓದಿದ, ಆದರೆ ಮುಗಿಸಲಿಲ್ಲ. ಬರೆದ ಸ್ವರಲಿಪಿಗಿಂತ ಕಿವಿಯನ್ನೇ ಅವನು ಹೆಚ್ಚು ನಂಬಿದ್ದ. ಮತ್ತೆ ಸೈನ್ಯ ಸೇರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಗ ಹಗಲು ಬ್ಯಾಂಡ್, ರಾತ್ರಿಯೆಲ್ಲ ಊರಿನ ಜಾಝ್ ಕ್ಲಬ್ಬುಗಳು. ಅಲ್ಲಿ ಹಿರಿಯರ ಜೊತೆ ನಿಂತು ನುಡಿಸಿ ನುಡಿಸಿ ಕಲಿತ. ಸೈನ್ಯದ ಶಿಸ್ತು ಮಾತ್ರ ಒಗ್ಗಲಿಲ್ಲ, ಕೊನೆಗೆ ಸೈನ್ಯವೇ ಅವನನ್ನು ಬಿಟ್ಟುಕೊಟ್ಟಿತು.

1952 ಅವನ ಭಾಗ್ಯದ ವರ್ಷ. ಆಧುನಿಕ ಜಾಝ್‌ನ ದೊಡ್ಡ ಹೆಸರು ಚಾರ್ಲಿ ಪಾರ್ಕರ್ ಪಶ್ಚಿಮ ಕರಾವಳಿಗೆ ಬಂದಾಗ ಅಲ್ಲಿನ ಕಛೇರಿಗಳಿಗೆ ಜೊತೆಗಾರನಾಗಿ ಈ 22 ವರ್ಷದ ಹುಡುಗನನ್ನು ಆರಿಸಿಕೊಂಡ. ಅದೇ ವರ್ಷ ಬ್ಯಾರಿಟೋನ್ ಸ್ಯಾಕ್ಸೊಫೋನ್ ವಾದಕ ಜೆರ್ರಿ ಮುಲಿಗನ್ ಜೊತೆ ನಾಲ್ವರ ತಂಡ ಕಟ್ಟಿಕೊಂಡು ಲಾಸ್ ಏಂಜಲೀಸ್‌ನ ಹೇಗ್ ಎಂಬ ಸಣ್ಣ ಕ್ಲಬ್ಬಿನಲ್ಲಿ ನುಡಿಸತೊಡಗಿದರು. ಆ ತಂಡದಲ್ಲಿ ಪಿಯಾನೋ ಇರಲಿಲ್ಲ. ಜಾಝ್‌ನಲ್ಲಿ ಪಿಯಾನೋ ಎಂದರೆ ಗೋಡೆ ಇದ್ದಂತೆ, ಒರಗಿಕೊಳ್ಳಬಹುದು. ಅದು ಇಲ್ಲದಿದ್ದಾಗ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಂಡೇ ಮುಂದೆ ಹೋಗಬೇಕು. ಚೆಟ್‌ನ ಕಿವಿ ಎಷ್ಟು ಚುರುಕು ಎಂಬುದು ಎಲ್ಲರಿಗೂ ತಿಳಿದದ್ದು ಆಗ. 1937ರ ಒಂದು ಸಂಗೀತ ನಾಟಕದ 'ಮೈ ಫನಿ ವ್ಯಾಲೆಂಟೈನ್' ಹಾಡನ್ನು ಅವರು ವಾದ್ಯದಲ್ಲಿ ನುಡಿಸಿದ್ದು ಬಹಳ ಜನಪ್ರಿಯವಾಯಿತು. 1953ರಲ್ಲಿ ಮುಲಿಗನ್ ಮಾದಕವಸ್ತುವಿನ ಪ್ರಕರಣದಲ್ಲಿ ಜೈಲಿಗೆ ಹೋದ, ತಂಡ ಒಡೆಯಿತು. ಚೆಟ್ ಪಿಯಾನೋ ವಾದಕ ರಸ್ ಫ್ರೀಮನ್ ಜೊತೆ ತನ್ನದೇ ತಂಡ ಕಟ್ಟಿದ.

ಈಗ ಆ ಆಲ್ಬಮ್ಮಿನ ಮಾತು. 1954ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಚೆಟ್ ಬೇಕರ್ ಸಿಂಗ್ಸ್' ಧ್ವನಿಮುದ್ರಣವಾಯಿತು. ಹೊರತಂದದ್ದು ರಿಚರ್ಡ್ ಬಾಕ್ ನಡೆಸುತ್ತಿದ್ದ ಪೆಸಿಫಿಕ್ ಜಾಝ್ ಕಂಪನಿ. 10 ಇಂಚಿನ ತಟ್ಟೆ, ಎಂಟು ಹಾಡು. ರಸ್ ಫ್ರೀಮನ್ ಪಿಯಾನೋ, ಕಾರ್ಸನ್ ಸ್ಮಿತ್ ಬೇಸ್, ಬಾಬ್ ನೀಲ್ ಡ್ರಮ್ಸ್. 1956ರಲ್ಲಿ ಇನ್ನೂ ಆರು ಹಾಡು ಸೇರಿ 12 ಇಂಚಿನ ತಟ್ಟೆಯಾಗಿ, ಒಟ್ಟು 14 ಹಾಡುಗಳೊಂದಿಗೆ ಬಂತು. ನಾವು ಇಂದು ಕೇಳುವುದು ಸಾಮಾನ್ಯವಾಗಿ ಇದನ್ನೇ. ಹಾಡುಗಳು ಹೊಸವಲ್ಲ. ನಾಟಕಗಳಿಂದ, ಸಿನಿಮಾಗಳಿಂದ ಬಂದು ಜನರ ಬಾಯಲ್ಲಿದ್ದ ಹಾಡುಗಳೇ ಹೆಚ್ಚು.

ಹೊಸದು ಹಾಡಿದ ರೀತಿ. ಆ ಕಾಲದ ಗಾಯಕರು ಎದೆ ತುಂಬಿ, ದನಿ ನಡುಗಿಸಿ ಹಾಡುತ್ತಿದ್ದರು. ಇವನು ದನಿಯನ್ನು ನಡುಗಿಸಲಿಲ್ಲ, ಏರಿಸಲಿಲ್ಲ. ಮೈಕಿಗೆ ಹತ್ತಿರ ನಿಂತು ಪದಗಳನ್ನು ಇದ್ದ ಹಾಗೆಯೇ ಇಟ್ಟುಹೋದ. ಗಂಡಿನ ದನಿಯೋ ಹೆಣ್ಣಿನ ದನಿಯೋ ಎಂದು ಕೆಲವರು ಗೇಲಿ ಮಾಡಿದರು. ವಿಮರ್ಶಕರಲ್ಲಿ ಅನೇಕರಿಗೆ ಹಿಡಿಸಲಿಲ್ಲ. ಜನರಿಗೆ ಹಿಡಿಸಿತು. ಮುಂದೆ ಬ್ರೆಜಿಲ್‌ನಲ್ಲಿ ಬೊಸ್ಸಾ ನೋವಾ ಎಂಬ ಮೆಲುದನಿಯ ಸಂಗೀತ ಕಟ್ಟಿದ ತರುಣರಲ್ಲಿ ಈ ತಟ್ಟೆಯನ್ನು ಮೆಚ್ಚಿ ಕೇಳಿದವರಿದ್ದರು. 2001ರಲ್ಲಿ ಇದು ಗ್ರ್ಯಾಮಿ ಹಾಲ್ ಆಫ್ ಫೇಮ್ ಗೌರವಕ್ಕೆ ಸೇರಿತು.

ಗಮನಿಸಬೇಕಾದ ಒಂದು ಸಂಗತಿ ಇದೆ. ಕೇಳಲು ಇಷ್ಟು ಸಲೀಸಾಗಿರುವ ಈ ಹಾಡುಗಳು ಅವನಿಗೆ ಸಲೀಸಾಗಿ ಬರಲಿಲ್ಲ. ಶ್ರುತಿ ತಪ್ಪುತ್ತಿತ್ತು. ಒಂದೊಂದನ್ನೂ ಮತ್ತೆ ಮತ್ತೆ ಹಾಡಿಸಿ ಮುದ್ರಿಸಬೇಕಾಯಿತು ಎಂದು ಅವನ ಜೊತೆಗಾರರು ನೆನಪಿಸಿಕೊಂಡಿದ್ದಾರೆ. ಭಾಯಿ ಹೇಳಿದ ಮಾತಿಗೆ ನನಗೆ ಸಿಕ್ಕ ಮೊದಲ ಉತ್ತರ ಇದು. ಆ ಮೃದುತನ ಅಮಲಿನಿಂದ ತಾನಾಗಿ ಹರಿದು ಬಂದದ್ದಲ್ಲ. ತಪ್ಪಿ, ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಡಿ ಬಂದದ್ದು. ಹೆರಾಯಿನ್ ಚಟಕ್ಕೆ ತಾನು ಬಿದ್ದದ್ದು 1957ರಲ್ಲಿ ಎಂದು ಚೆಟ್ ಹೇಳಿಕೊಂಡಿದ್ದ. ಅದಕ್ಕಿಂತ ಮೊದಲೇ ಶುರುವಾಗಿತ್ತು ಎನ್ನುವವರೂ ಇದ್ದಾರೆ. ಅದು ಯಾವ ವರ್ಷವೇ ಆಗಿರಲಿ, ಗ್ಲೆಂಡೇಲ್‌ನ ಹುಡುಗನ ಕಿವಿ, ಬರ್ಲಿನ್ನಿನ ಬ್ಯಾಂಡು, ಸ್ಯಾನ್ ಫ್ರಾನ್ಸಿಸ್ಕೋದ ರಾತ್ರಿಗಳು ಎಲ್ಲವೂ ಅದಕ್ಕೆ ಮೊದಲಿನವು.

ಕೀರ್ತಿ ಬೇಗ ಬಂತು, ಬಹುಶಃ ಬೇಕಾದ್ದಕ್ಕಿಂತ ಬೇಗ. 1954ರಲ್ಲಿ ಡೌನ್‌ಬೀಟ್ ಪತ್ರಿಕೆಯ ಓದುಗರು ಅವನನ್ನು ವರ್ಷದ ಅತ್ಯುತ್ತಮ ಟ್ರಂಪೆಟ್ ವಾದಕ ಎಂದು ಆರಿಸಿದರು. ಡಿಜ್ಜಿ ಗಿಲೆಸ್ಪಿ, ಮೈಲ್ಸ್ ಡೇವಿಸ್‌ರಂಥ ಕಪ್ಪು ಕಲಾವಿದರು ದಾರಿ ಕಡಿದ ಮೇಲೆ ಆ ದಾರಿಯಲ್ಲಿ ನಡೆದುಬಂದ ಬಿಳಿಯ ಹುಡುಗನಿಗೆ ಅವರಿಗಿಂತ ಮೇಲಿನ ಸ್ಥಾನ ಸಿಕ್ಕಿದ್ದು ಅನೇಕರಿಗೆ ಅನ್ಯಾಯವೆನಿಸಿತು. ಆ ಕಾಲದ ಅಮೆರಿಕದಲ್ಲಿ ಚರ್ಮದ ಬಣ್ಣ ಕಲೆಯ ಬೆಲೆಯನ್ನೂ ನಿರ್ಧರಿಸುತ್ತಿತ್ತು ಎಂಬುದನ್ನು ಮರೆಯಬಾರದು. ಅವನ ಪ್ರತಿಭೆ ಸುಳ್ಳಲ್ಲ, ಆ ಅನ್ಯಾಯವೂ ಸುಳ್ಳಲ್ಲ.

1955ರಲ್ಲಿ ತಂಡ ಕಟ್ಟಿಕೊಂಡು ಯುರೋಪಿಗೆ ಹೋದ. ಜೊತೆಗೆ ಪಿಯಾನೋ ನುಡಿಸುತ್ತಿದ್ದವನು ಡಿಕ್ ಟ್ವಾರ್ಜಿಕ್, ವಯಸ್ಸು 24. ಬಹಳ ದೂರ ಹೋಗುವವನು ಎಂದು ಎಲ್ಲರೂ ನಂಬಿದ್ದ ಹುಡುಗ. ಆ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಹೋಟೆಲ್ ಕೋಣೆಯಲ್ಲಿ ಹೆರಾಯಿನ್ ಅತಿಯಾಗಿ ಸತ್ತುಹೋದ. ಇಲ್ಲಿಗೆ ಬಂದಾಗ ನಾನು ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ. ಜೊತೆಗೇ ಇದ್ದ ಗೆಳೆಯನ ಸಾವನ್ನು ಕಂಡಮೇಲೂ ಮನುಷ್ಯ ಅದೇ ಸೂಜಿಯ ಕಡೆಗೆ ಹೇಗೆ ಹೋಗುತ್ತಾನೆ? ಹಿಂದೆ ನಾನಾಗಿದ್ದರೆ ಮೂರ್ಖ ಎಂದು ಬಿಡುತ್ತಿದ್ದೆ. ಭಾಯಿಯನ್ನು ಕಂಡಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಗೊತ್ತಿಲ್ಲದೆ ಹೋಗುವವರಿಗಿಂತ ತನಗೆ ಹಾಗಾಗುವುದಿಲ್ಲ ಎಂದು ಹೋಗುವವರೇ ಹೆಚ್ಚು.

ಅಲ್ಲಿಂದ ಮುಂದಿನ ಹತ್ತು ವರ್ಷ ಪೊಲೀಸ್ ಠಾಣೆ, ಆಸ್ಪತ್ರೆ, ಜೈಲು, ನಡುವೆ ಸಂಗೀತ. 1959ರಲ್ಲಿ ನ್ಯೂಯಾರ್ಕ್‌ನ ರೈಕರ್ಸ್ ದ್ವೀಪದ ಸೆರೆಮನೆ. ಆಮೇಲೆ ಇಟಲಿ. 1960ರಲ್ಲಿ ಅಲ್ಲಿನ ಲುಕ್ಕಾ ಪಟ್ಟಣದ ಬಳಿ ಸಿಕ್ಕಿಬಿದ್ದು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ. ಅವನ ಕೋಣೆಯಿಂದ ಬರುತ್ತಿದ್ದ ಟ್ರಂಪೆಟ್ ದನಿಯನ್ನು ಊರಿನ ಹಳೆಯ ಕೋಟೆಗೋಡೆಯ ಮೇಲೆ ನಿಂತು ಜನ ಕೇಳುತ್ತಿದ್ದರು ಎಂದು ಹೇಳುತ್ತಾರೆ. ಕಥೆ ಚೆನ್ನಾಗಿದೆ. ಆದರೆ ಕೋಟೆಯ ಮೇಲೆ ನಿಂತು ಕೇಳುವವರಿಗೆ ಚೆನ್ನಾಗಿದೆ, ಒಳಗೆ ಇರುವವನಿಗೆ ಅಲ್ಲ. ಬಿಡುಗಡೆಯಾದ ಮೇಲೆ ಮತ್ತೆ ಅದೇ. 1964ರಲ್ಲಿ ಪಶ್ಚಿಮ ಜರ್ಮನಿ ಅವನನ್ನು ಅಮೆರಿಕಕ್ಕೆ ಗಡೀಪಾರು ಮಾಡಿತು.

1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಸೇರಿ ಅವನನ್ನು ಹೊಡೆದರು. ಮಾದಕವಸ್ತುವಿನ ವ್ಯವಹಾರವೇ ಕಾರಣ ಎನ್ನುತ್ತಾರೆ. ತುಟಿ ಒಡೆಯಿತು, ಹಲ್ಲು ಮುರಿಯಿತು. ಮೊದಲೇ ಹಾಳಾಗಿದ್ದ ಹಲ್ಲುಗಳನ್ನು ಕೊನೆಗೆ ಕೀಳಿಸಿಕೊಳ್ಳಬೇಕಾಯಿತು, ಕಟ್ಟಿಸಿದ ಹಲ್ಲು ಬಂತು. ಟ್ರಂಪೆಟ್ ನುಡಿಸುವವನಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ. ಕಟ್ಟಿಸಿದ ಹಲ್ಲಿನ ಮೇಲೆ ಮೌತ್‌ಪೀಸ್ ಒತ್ತಿದರೆ ಹಲ್ಲೇ ಅಲುಗುತ್ತದೆ. ದೇಶದ ಅತ್ಯುತ್ತಮ ವಾದಕ ಎನಿಸಿಕೊಂಡವನು ಹೊಟ್ಟೆಪಾಡಿಗೆ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡಿದ.

ಅಲ್ಲಿಂದ ಆತ ಮತ್ತೆ ಕಲಿತ. ನನ್ನ ಪಾಲಿಗೆ ಅವನ ಬದುಕಿನ ದೊಡ್ಡ ಭಾಗ ಇದೇ. ಚಟಕ್ಕೆ ಮೆಥಡೋನ್ ಚಿಕಿತ್ಸೆ ತೆಗೆದುಕೊಂಡ. 40ರ ಆಸುಪಾಸಿನಲ್ಲಿ, ಹನ್ನೆರಡು ವರ್ಷದ ಹುಡುಗನ ಹಾಗೆ, ಒಂದೊಂದೇ ಸ್ವರ ಹಿಡಿಯುವುದರಿಂದ ಮೊದಲುಮಾಡಿದ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಹಲ್ಲು ಅಲುಗದಂತೆ ಗಾಳಿಯನ್ನು ಹೇಗೆ ಬಿಡಬೇಕು ಎಂಬುದನ್ನು ಹುಡುಕುತ್ತ ವರ್ಷಗಳನ್ನೇ ಕಳೆದ. 1973ರಲ್ಲಿ ನ್ಯೂಯಾರ್ಕ್‌ನ ಹಾಫ್ ನೋಟ್ ಕ್ಲಬ್ಬಿನಲ್ಲಿ ಅವನಿಗೆ ಮತ್ತೆ ವೇದಿಕೆ ಸಿಕ್ಕಿತು. ಅದಕ್ಕೆ ನೆರವಾದವನು ಡಿಜ್ಜಿ ಗಿಲೆಸ್ಪಿ. ಯಾರನ್ನು ಹಿಂದಿಟ್ಟು ಪತ್ರಿಕೆಯ ಓದುಗರು ಇವನಿಗೆ ಮೊದಲ ಸ್ಥಾನ ಕೊಟ್ಟಿದ್ದರೋ ಆ ಗಿಲೆಸ್ಪಿಯೇ. 1974ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಜೆರ್ರಿ ಮುಲಿಗನ್ ಜೊತೆ ಮತ್ತೆ ನುಡಿಸಿದ.

ಹಲ್ಲು ಹೋದ ಮೇಲಿನ ಅವನ ನುಡಿತದಲ್ಲಿ ಹಳೆಯ ವೇಗ ಕಡಿಮೆ. ಸ್ವರಗಳು ಕಡಿಮೆ, ನಡುವಿನ ಮೌನ ಹೆಚ್ಚು. ಕೊನೆಯ ಹತ್ತು ವರ್ಷಗಳ ಕೆಲವು ಮುದ್ರಣಗಳು, 1987ರ ಟೋಕಿಯೋ ಕಛೇರಿಯಂಥವು, ತಾರುಣ್ಯದವಕ್ಕಿಂತ ಆಳವಾಗಿವೆ ಎನ್ನುವವರಿದ್ದಾರೆ. ಭಾಯಿಯ ಮಾತಿಗೆ ನನಗೆ ಸಿಕ್ಕ ಎರಡನೆಯ ಉತ್ತರ ಇಲ್ಲಿದೆ. ನಶೆಯಿಂದ ಅವನಿಗೆ ಬಂದದ್ದೇನು ಎಂದು ಲೆಕ್ಕ ಹಾಕಿದರೆ, ಹಲ್ಲು ಹೋಯಿತು, ದುಡ್ಡು ಹೋಯಿತು, ಒಳ್ಳೆಯ ವಯಸ್ಸಿನ ಹಲವು ವರ್ಷ ಹೋಯಿತು. ಮತ್ತೆ ಸ್ವರ ತಂದುಕೊಟ್ಟದ್ದು ಅಭ್ಯಾಸ. ಅಭ್ಯಾಸಕ್ಕೆ ಸಲ್ಲಬೇಕಾದ ಹೊಗಳಿಕೆಯನ್ನು ನಾವು ನಶೆಗೆ ಕೊಡುತ್ತಿದ್ದೇವೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಹೆರಾಯಿನ್ ಮತ್ತೆ ಬಂತು. 1970ರ ದಶಕದ ಕೊನೆಯಿಂದ ಆತ ಹೆಚ್ಚಾಗಿ ಯುರೋಪಿನಲ್ಲಿಯೇ ಊರಿಂದೂರಿಗೆ ಅಲೆದ. ನೆಲೆಯಾದ ಮನೆ ಇಲ್ಲ. ಮೂರು ಮದುವೆ, ನಾಲ್ಕು ಮಕ್ಕಳು, ಆದರೆ ಯಾರ ಜೊತೆಯಲ್ಲಿಯೂ ನಿಲ್ಲಲಿಲ್ಲ. 50 ದಾಟಿದಾಗ ಮುಖದಲ್ಲಿ ಅಷ್ಟು ಸುಕ್ಕು, ಅಷ್ಟು ಗುಳಿ. 1950ರ ದಶಕದಲ್ಲಿ ವಿಲಿಯಂ ಕ್ಲ್ಯಾಕ್ಸ್‌ಟನ್ ತೆಗೆದ ಹೆಸರಾಂತ ಚಿತ್ರಗಳನ್ನೂ ಕೊನೆಯ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟರೆ ಮಗ ಮತ್ತು ಅಜ್ಜ ಎನ್ನಬೇಕು. 1988ರ ಮೇ 13ರ ಬೆಳಗಿನ ಜಾವ ಆಮ್‌ಸ್ಟರ್‌ಡಾಮ್‌ನ ರೈಲು ನಿಲ್ದಾಣದ ಬಳಿ, ತಾನಿದ್ದ ಹೋಟೆಲಿನ ಕೆಳಗಿನ ಬೀದಿಯಲ್ಲಿ ಅವನ ಶವ ಸಿಕ್ಕಿತು. ಮೇಲಿನ ಕಿಟಕಿಯಿಂದ ಬಿದ್ದಿದ್ದ. ಕೋಣೆಯಲ್ಲಿಯೂ ರಕ್ತದಲ್ಲಿಯೂ ಹೆರಾಯಿನ್, ಕೊಕೇನ್ ಇದ್ದವು. ವಯಸ್ಸು 58. ಕ್ಯಾಲಿಫೋರ್ನಿಯಾದ ಇಂಗಲ್‌ವುಡ್ ಸ್ಮಶಾನದಲ್ಲಿ, ಟ್ರಾಂಬೋನ್ ತಂದುಕೊಟ್ಟಿದ್ದ ತಂದೆಯ ಪಕ್ಕದಲ್ಲಿ ಅವನನ್ನು ಮಣ್ಣುಮಾಡಿದರು. ಆ ಹೋಟೆಲಿನ ಗೋಡೆಯ ಮೇಲೆ ಅವನ ನೆನಪಿನ ಫಲಕವಿದೆ.

ಅವನು ಸತ್ತ ವರ್ಷವೇ ಬ್ರೂಸ್ ವೆಬರ್ ಮಾಡಿದ 'ಲೆಟ್ಸ್ ಗೆಟ್ ಲಾಸ್ಟ್' ಎಂಬ ಕಪ್ಪುಬಿಳುಪು ಸಾಕ್ಷ್ಯಚಿತ್ರ ತೆರೆಗೆ ಬಂತು. ಅದರಲ್ಲಿ ಚೆಟ್‌ನ ವಯಸ್ಸಾದ ತಾಯಿ ಬರುತ್ತಾಳೆ. ಮಗ ಸಣ್ಣವನಿದ್ದಾಗ ಎಷ್ಟು ಬೇಗ ಹಾಡು ಹಿಡಿಯುತ್ತಿದ್ದ ಎಂದೆಲ್ಲ ಪ್ರೀತಿಯಿಂದ ಮಾತಾಡುತ್ತಾಳೆ. ಆಗ ಅವಳನ್ನು ಒಂದು ಪ್ರಶ್ನೆ ಕೇಳುತ್ತಾರೆ. ಮಗನಾಗಿ ಅವನು ನಿಮಗೆ ನಿರಾಸೆ ಮಾಡಿದನೇ ಎಂದು. ಆಕೆಗೆ ಉತ್ತರ ಹೇಳಲು ಇಷ್ಟವಿಲ್ಲ. ಕೊನೆಗೆ ಹೌದು ಎನ್ನುತ್ತಾಳೆ, ಅದರ ಮಾತು ಬೇಡ ಎನ್ನುತ್ತಾಳೆ. ಆ ಚಿತ್ರದಲ್ಲಿ ಬಹಳ ಜನ ಬಹಳ ಮಾತಾಡುತ್ತಾರೆ. ನನಗೆ ನೆನಪಿರುವುದು ಆ ತಾಯಿಯ ಮುಖ ಮಾತ್ರ.

ಏಕೆಂದರೆ ಆ ಮುಖವನ್ನು ನಾನು ನಮ್ಮ ಮನೆಯಲ್ಲಿ ಕಂಡಿದ್ದೇನೆ. ಭಾಯಿ ತನ್ನ ಟ್ರಂಪೆಟ್ ಮಾರಿದ ದಿನ ಖಾಲಾ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು. ಅಮ್ಮಿ ಚಹಾ ಕೊಟ್ಟರು. ಏನಾಯಿತು ಎಂದು ಅಮ್ಮಿ ಕೇಳಲಿಲ್ಲ, ಖಾಲಾ ಹೇಳಲೂ ಇಲ್ಲ. ಚಹಾ ಆರಿತು. ಅದಾದ ಎರಡು ತಿಂಗಳಿಗೆ ಅಬ್ಬಾ ಮತ್ತು ಮಾಮೂ ಸೇರಿ ಭಾಯಿಯನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು.

ಈ ಲೇಖನ ಬರೆಯುವ ಮೊದಲು ಖಾಲಾನ ಬಳಿಗೆ ಹೋಗಿ ಅನುಮತಿ ಕೇಳಿದೆ. ಮನೆಯ ಮಾತನ್ನು ಕಾಲೇಜಿನ ಪತ್ರಿಕೆಯಲ್ಲಿ ಹಾಕುವುದು ಸಣ್ಣ ವಿಷಯವಲ್ಲ ಎಂದು ನನಗೂ ಗೊತ್ತು. ಖಾಲಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಸರು ಹಾಕಬೇಡ ಎಂದರು. ನಾನು ಎದ್ದು ಬಾಗಿಲವರೆಗೆ ಬಂದಾಗ ಮತ್ತೆ ಕರೆದು, ಅವನು ಚೆನ್ನಾಗಿ ನುಡಿಸುತ್ತಿದ್ದ ಎಂಬುದನ್ನೂ ಬರೆಯಬೇಕು ಎಂದರು.

ಆದ್ದರಿಂದ ಬರೆಯುತ್ತಿದ್ದೇನೆ. ಅವನು ಚೆನ್ನಾಗಿ ನುಡಿಸುತ್ತಿದ್ದ. ಮಾತ್ರೆ ಮುಟ್ಟುವ ಮೊದಲೇ ಚೆನ್ನಾಗಿ ನುಡಿಸುತ್ತಿದ್ದ. ನಾನು ಏಳನೇ ತರಗತಿಯಲ್ಲಿದ್ದಾಗ, ಮದುವೆ ಮೆರವಣಿಗೆಯ ದೀಪದ ಬೆಳಕಿನಲ್ಲಿ ಅವನು ಕಣ್ಣುಮುಚ್ಚಿ ಊದುತ್ತಿದ್ದುದನ್ನು ನೋಡಿಯೇ ನನಗೆ ಈ ಹುಚ್ಚು ಹಿಡಿದದ್ದು. ಆಗ ಅವನ ರಕ್ತದಲ್ಲಿ ಬಿಸಿ ಚಹಾ ಬಿಟ್ಟರೆ ಬೇರೇನೂ ಇರಲಿಲ್ಲ.

ಸ್ನೇಹಿತರೇ, ನಮ್ಮ ವಯಸ್ಸಿನವರಿಗೆ ಈ ವಸ್ತುಗಳನ್ನು ಕೊಡುವವರು ಹೆದರಿಸಿ ಕೊಡುವುದಿಲ್ಲ. ದೊಡ್ಡ ಕಲಾವಿದರ, ದೊಡ್ಡ ಆಟಗಾರರ ಹೆಸರು ಹೇಳಿ ಕೊಡುತ್ತಾರೆ. ಓದು ತಲೆಗೆ ಹತ್ತುತ್ತದೆ, ರಾತ್ರಿ ನಿದ್ದೆ ಬಾರದು, ಹೊಸ ಐಡಿಯಾ ಬರುತ್ತದೆ ಎನ್ನುತ್ತಾರೆ. ಮುಂದೆ ಯಾರಾದರೂ ಹಾಗೆ ಚೆಟ್ ಬೇಕರ್‌ನ ಹೆಸರು ಹೇಳಿದರೆ, ಅವನ ಬದುಕಿನ ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು, ಯಾವುದು ಏನನ್ನು ತಿಂದಿತು ಎಂಬುದು ತಾನಾಗಿ ತಿಳಿಯುತ್ತದೆ.

ಅವನ ಹಾಡನ್ನು ನಾನು ಬಿಟ್ಟಿಲ್ಲ. ಬಿಡಬೇಕೇ ಎಂದು ಯೋಚಿಸಿದ್ದುಂಟು. ಮನೆಯವರಿಗೆ ಅಷ್ಟು ನೋವು ಕೊಟ್ಟವನ ಹಾಡನ್ನು ಪ್ರೀತಿಯಿಂದ ಕೇಳುವುದು ಸರಿಯೇ? ನನಗೆ ತೋಚಿದ್ದು ಇಷ್ಟು. ಒಬ್ಬ ಮನುಷ್ಯ ಮಾಡಿದ ಒಳ್ಳೆಯ ಕೆಲಸವನ್ನು ಒಳ್ಳೆಯದೆಂದು ಹೇಳೋಣ, ಮಾಡಿದ ಹಾನಿಯನ್ನು ಹಾನಿಯೆಂದೇ ಹೇಳೋಣ, ಒಂದರಿಂದ ಇನ್ನೊಂದನ್ನು ಮುಚ್ಚುವುದು ಬೇಡ. ಆ ತಾಯಿ ಮಾಡಿದ್ದೂ ಅದನ್ನೇ, ಖಾಲಾ ಮಾಡಿದ್ದೂ ಅದನ್ನೇ.

ನನ್ನ ಹಲ್ಲಿಗೆ ಡಾಕ್ಟರು ಟೋಪಿ ಹಾಕಿದ್ದಾರೆ. ಹೊಸ ಹಲ್ಲಿನ ಅಂಚು ಹಳೆಯದರಂತೆ ಇಲ್ಲ, ತುಟಿಗೆ ಬೇರೆಯವರ ಮನೆಗೆ ಬಂದ ಹಾಗೆ ಆಗುತ್ತದೆ. ದಿನವೂ ಬೆಳಗ್ಗೆ ಹದಿನೈದು ನಿಮಿಷ ಮೌತ್‌ಪೀಸ್ ಒಂದನ್ನೇ ಹಿಡಿದು ಊದುತ್ತಿದ್ದೇನೆ. ಮೊದಲ ವಾರ ಗಾಳಿ, ಎರಡನೆಯ ವಾರ ಜೇನುಹುಳುವಿನ ಗುಂಯ್ ಸದ್ದು, ಈಗ ಮೂರು ಸ್ವರ ಬರುತ್ತಿವೆ. ಜನವರಿ 26ಕ್ಕೆ ಐದೂ ಬಂದರೆ ತಂಡದಲ್ಲಿ ನಿಲ್ಲಬಹುದು ಎಂದು ಬ್ಯಾಂಡ್ ಮಾಸ್ಟರರು ಹೇಳಿದ್ದಾರೆ.

ಭಾಯಿ ಮನೆಗೆ ಬಂದಿದ್ದಾನೆ. ಮಾಮೂನ ಟೈರ್ ಅಂಗಡಿಯಲ್ಲಿ ಕೂರುತ್ತಾನೆ. ಸಂಗೀತದ ಮಾತೆತ್ತುವುದಿಲ್ಲ. ಕಳೆದ ಭಾನುವಾರ ನಾನು ತಾರಸಿಯ ಮೇಲೆ ಊದುತ್ತಿದ್ದಾಗ ಸುಮ್ಮನೆ ಬಂದು ನಿಂತ. ಸ್ವಲ್ಪ ಹೊತ್ತು ಕೇಳಿದ. ಕೆಳತುಟಿಯನ್ನು ಅಷ್ಟು ಒಳಗೆ ಎಳೆದುಕೊಳ್ಳಬೇಡ ಎಂದು ಹೇಳಿ ಇಳಿದು ಹೋದ. ಅವನು ಹೇಳಿದಂತೆ ಮಾಡಿದೆ. ನಾಲ್ಕನೆಯ ಸ್ವರ ಬಂತು.